ಹದಿನೈದು ದಾಟಿದ ಕಾರಿಗೆ ಎಮಿಷನ್ ಮಾಡಿಸುವ ಮುಂಚೆ

ಪೆಟ್ರೋಲ್ ಕಾರಿನ ಎಮಿಷನ್ ಚೀಟಿಯಲ್ಲಿ ಸಿಒ, ಎಚ್‌ಸಿ ಅಂತ ಎರಡು ಅಂಕಿ ಅಚ್ಚಾಗಿರುತ್ತವೆ: ಮೊದಲನೆಯದು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ, ಎರಡನೆಯದು ಸುಡದೆ ಉಳಿದ ಪೆಟ್ರೋಲ್ ಆವಿ (ಹೈಡ್ರೋಕಾರ್ಬನ್). ಬಹಳ ಜನ ಅದನ್ನು ಓದುವುದೇ ಇಲ್ಲ, ಪಾಸಾಯಿತಾ ಅಂತ ಕೇಳಿ ಚೀಟಿ ಮಡಚಿ ಡ್ಯಾಶ್‌ಬೋರ್ಡಿಗೆ ತುರುಕುತ್ತಾರೆ. ಹಳೇ ಕಾರನ್ನು ಪೇಟೆಯೊಳಗೆ ಬಿಡಬೇಕೋ ಬೇಡವೋ ಅಂತ ವಾದ ಮಾಡುವವರು ಮೊದಲು ನೋಡಬೇಕಾದ್ದು ಆ ಎರಡು ಅಂಕಿಯನ್ನೇ. ಆರ್‌ಸಿಯಲ್ಲಿರುವ ಇಸವಿ ಅರ್ಧ ಕತೆ ಮಾತ್ರ ಹೇಳುತ್ತದೆ.

ದೆಹಲಿಯ ಸುದ್ದಿ ನೋಡಿ ಹಾಸನದಲ್ಲಿ ಕಾರು ಮಾರುವ ಅಗತ್ಯವಿಲ್ಲ. 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಬಾರದು ಎಂಬ ಆದೇಶ ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯದ್ದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014-15ರಲ್ಲಿ ಹೇಳಿದ್ದನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ ಅದೇ ಕೋರ್ಟು ಬರೀ ವಯಸ್ಸು ನೋಡಿ ಮಾಲೀಕರ ಮೇಲೆ ಕ್ರಮ ಬೇಡ ಎಂದಿತು. ಆಮೇಲೆ ಆ ರಕ್ಷಣೆಯನ್ನು ಬಿಎಸ್-4 (ಬಿಎಸ್ ಅಂದರೆ ಭಾರತ್ ಸ್ಟೇಜ್, ಹೊಗೆಯ ಮಿತಿಯ ಸರ್ಕಾರಿ ಹಂತ) ಮತ್ತು ಅದರ ನಂತರದ ಗಾಡಿಗಳಿಗಷ್ಟೇ ಉಳಿಸಿತು. ಅಂದರೆ ಅಲ್ಲೂ ಗೆರೆ ವಯಸ್ಸಿನಿಂದ ಎಂಜಿನ್ನಿನ ಕಡೆಗೆ ಸರಿದಿದೆ. ನಮ್ಮ ಹಾಸನ, ಚಿಕ್ಕಮಗಳೂರು, ಸಕಲೇಶಪುರದ ಕೆಎ-13, ಕೆಎ-18, ಕೆಎ-46 ಗಾಡಿಗಳಿಗೆ ಅನ್ವಯಿಸುವುದು ಮೋಟಾರು ವಾಹನ ಕಾಯ್ದೆಯ 41ನೇ ಸೆಕ್ಷನ್: ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಗಾಡಿ ಸರಿಯಿದ್ದರೆ ಐದೈದು ವರ್ಷಕ್ಕೆ ನವೀಕರಿಸಬಹುದು.

ನಿಮ್ಮ ಕಾರು ಯಾವ ಬಿಎಸ್?

ಇಲ್ಲಿ ಒಂದು ತಿರುವಿದೆ. ಬಿಎಸ್-4 ಬೆಂಗಳೂರಿಗೆ 2010ರಲ್ಲೇ ಬಂತು, ಇಡೀ ದೇಶಕ್ಕೆ ಕಡ್ಡಾಯವಾಗಿದ್ದು 2017ರ ಏಪ್ರಿಲ್‌ನಲ್ಲಿ. ಹಾಗಾಗಿ 2012ರಲ್ಲಿ ಹಾಸನದಲ್ಲೇ ಹೊಸದಾಗಿ ಕೊಂಡ ಕಾರು ಬಿಎಸ್-3 ಇರಬಹುದು, ಅದೇ ವರ್ಷದ ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಕಾರು ಬಿಎಸ್-4 ಇರಬಹುದು. ಇಬ್ಬರಿಗೂ ಒಂದೇ ವಯಸ್ಸು, ಹೊಗೆಯ ಮಿತಿ ಬೇರೆ ಬೇರೆ. ಆರ್‌ಸಿಯಲ್ಲಿ ಬರೆದಿಲ್ಲದಿದ್ದರೆ ಪರಿವಾಹನ್ ಜಾಲತಾಣದಲ್ಲಿ ಗಾಡಿ ನಂಬರ್ ಹಾಕಿ ನೋಡಿ.

ಪೆಟ್ರೋಲ್ ಕಾರಿನ ಸ್ಲೋ ರನ್ನಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಎಂಜಿನ್ ಓಡುವಾಗ, ಮಿತಿ ಹೀಗಿದೆ. ಬಿಎಸ್-2ಕ್ಕಿಂತ ಹಿಂದಿನ ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಹಳೇ ಸಾಧನ) ಗಾಡಿಗೆ ಸಿಒ ಶೇ 3, ಎಚ್‌ಸಿ 1500 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ). ಬಿಎಸ್-2, ಬಿಎಸ್-3ಕ್ಕೆ ಸಿಒ ಶೇ 0.5, ಎಚ್‌ಸಿ 750. ಬಿಎಸ್-4ಕ್ಕೆ ಸಿಒ ಶೇ 0.3, ಎಚ್‌ಸಿ 200; ಜೊತೆಗೆ 2500 ಆರ್‌ಪಿಎಂನಲ್ಲಿ ಸಿಒ ಶೇ 0.2 ದಾಟಬಾರದು, ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಪ್ರಮಾಣದ ಅಳತೆ) 0.97ರಿಂದ 1.03ರೊಳಗೆ ಇರಬೇಕು. ಸ್ಲೋ ರನ್ನಿಂಗ್‌ನಲ್ಲಿ ಕಾರ್ಬೊರೇಟರ್ ಗಾಡಿಯ ಸಿಒ ಮಿತಿ ಬಿಎಸ್-4ರದರ ಹತ್ತು ಪಟ್ಟು. ಕಾರ್ಬೊರೇಟರ್ ಕಾರು 'ಪಾಸ್' ಆದರೂ ಎನ್.ಆರ್. ಸರ್ಕಲ್ ಸಿಗ್ನಲ್‌ನಲ್ಲಿ ಹಿಂದೆ ನಿಂತ ಬೈಕಿನವನಿಗೆ ಅದು ಬಿಎಸ್-4 ಕಾರಿನಷ್ಟು ನಿರುಪದ್ರವಿ ಏನಲ್ಲ. ದಿನಾ ಪೇಟೆ ಓಡಾಟಕ್ಕೆ ಅಂಥ ಗಾಡಿ ಬೇಡ ಎನ್ನುವುದೇ ನಮ್ಮ ಅಭಿಪ್ರಾಯ. ತೋಟಕ್ಕೂ ಹಬ್ಬಕ್ಕೂ ತೆಗೆಯುವುದಾದರೆ ತಕರಾರಿಲ್ಲ. ಇನ್ನು ಈ ಪರೀಕ್ಷೆ ಪೆಟ್ರೋಲ್ ಗಾಡಿಯ ನೈಟ್ರೋಜನ್ ಆಕ್ಸೈಡನ್ನು ಅಳೆಯುವುದಿಲ್ಲ, ಸಣ್ಣ ಕಣವನ್ನೂ ಅಳೆಯುವುದಿಲ್ಲ. ಪಾಸ್ ಅಂದರೆ ಶುದ್ಧ ಅಂತಲ್ಲ, ಕೆಟ್ಟಿಲ್ಲ ಅಂತ ಅಷ್ಟೆ.

ಘಟ್ಟದ ಮೇಲಿನ ಗಾಳಿ

ಹಾಸನ ಸಮುದ್ರ ಮಟ್ಟದಿಂದ ಸುಮಾರು 970 ಮೀಟರ್, ಚಿಕ್ಕಮಗಳೂರು ಸುಮಾರು 1090 ಮೀಟರ್ ಎತ್ತರದಲ್ಲಿವೆ. ಇಲ್ಲಿ ಗಾಳಿ ಮಂಗಳೂರಿಗಿಂತ ಶೇ 10ರಷ್ಟು ತೆಳು. ಎಂಪಿಎಫ್‌ಐ (ಕಂಪ್ಯೂಟರ್ ಲೆಕ್ಕಹಾಕಿ ಪೆಟ್ರೋಲ್ ಚಿಮ್ಮಿಸುವ) ಕಾರಿನ ಸೆನ್ಸರ್ ಇದನ್ನು ತಾನೇ ಸರಿಹೊಂದಿಸಿಕೊಳ್ಳುತ್ತದೆ. ಕಾರ್ಬೊರೇಟರಿಗೆ ಆ ಬುದ್ಧಿ ಇಲ್ಲ, ಜೆಟ್ಟಿನ ತೂತು ಅಷ್ಟೇ, ಬರುವ ಗಾಳಿ ಕಡಿಮೆ. ಮಿಶ್ರಣ ಶೇ 5ರಷ್ಟು ಪೆಟ್ರೋಲ್ ಕಡೆ ವಾಲುತ್ತದೆ. ಮಂಗಳೂರಲ್ಲಿ ಟ್ಯೂನ್ ಆಗಿ ಅಂಚಿನಲ್ಲಿ ಪಾಸಾದ ಮಾರುತಿ 800 ಚಾರ್ಮಾಡಿ ಹತ್ತಿ ಬಂದ ಮೇಲೆ ಫೇಲ್ ಆಗುವುದು ಇದರಿಂದ. ಓಡಿಸುವ ಊರಿನಲ್ಲೇ ಟ್ಯೂನ್ ಮಾಡಿಸಿ.

ಕೆಲಸದ ಸರದಿ

ಮೆಕ್ಯಾನಿಕ್ ಬಾನೆಟ್ ಎತ್ತಿದ ಕೂಡಲೇ ಸ್ಕ್ರೂಡ್ರೈವರ್ ಹಿಡಿದು ಕಾರ್ಬೊರೇಟರಿಗೆ ಕೈಹಾಕಿದರೆ ತಡೆಯಿರಿ. ಅದು ಕೊನೆಯ ಕೆಲಸ. ಮೊದಲು ಏರ್ ಫಿಲ್ಟರ್: ಕಾಗದದ ಫಿಲ್ಟರನ್ನು ತೊಳೆಯಬೇಡಿ, ಬದಲಿಸಿ. ಕೆಮ್ಮಣ್ಣಿನ ತೋಟದ ದಾರಿಯಲ್ಲಿ ಓಡಿದ ಗಾಡಿಗೆ ಪುಸ್ತಕದಲ್ಲಿ ಬರೆದ ಅವಧಿಯ ಅರ್ಧಕ್ಕೇ ಹೊಸದು ಬೇಕು. ಆಮೇಲೆ ಎಂಜಿನ್ ಆಯಿಲ್. ಹತ್ತಿರದ ಓಡಾಟಕ್ಕಷ್ಟೇ ಬಳಸಿದ ಕಾರಿನ ಆಯಿಲ್‌ಗೆ ಪೆಟ್ರೋಲ್ ಬೆರೆತಿರುತ್ತದೆ. ಡಿಪ್‌ಸ್ಟಿಕ್ ಮೂಸಿದರೆ ಗೊತ್ತಾಗುತ್ತದೆ. ಬಿಸಿಯಾದಾಗ ಆ ಆವಿ ಪಿಸಿವಿ ವಾಲ್ವಿನ ಮೂಲಕ ಇನ್‌ಟೇಕಿಗೇ ಹೋಗಿ ಸಿಒ, ಎಚ್‌ಸಿ ಎರಡನ್ನೂ ಏರಿಸುತ್ತದೆ. ಪಿಸಿವಿ ವಾಲ್ವನ್ನು ಬಿಚ್ಚಿ ಅಲ್ಲಾಡಿಸಿ. ಕಟಕಟ ಸದ್ದು ಬರದಿದ್ದರೆ ಜಾಮ್ ಆಗಿದೆ.

ಮೂರನೆಯದು ಪ್ಲಗ್. ಇಪ್ಪತ್ತು ನಿಮಿಷ ಓಡಿಸಿ, ಎಂಜಿನ್ ಆರಿದ ಮೇಲೆ ಒಂದೊಂದಾಗಿ ಬಿಚ್ಚಿ, ಯಾವ ಸಿಲಿಂಡರಿನದು ಎಂದು ಗುರುತಾಗುವಂತೆ ಸಾಲಾಗಿ ಇಡಿ. ಮಧ್ಯದ ಪಿಂಗಾಣಿ ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣದಲ್ಲಿದ್ದರೆ ಸರಿ. ಒಣ ಕರಿಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಒದ್ದೆ, ಜಿಡ್ಡು ಕಪ್ಪಾಗಿದ್ದರೆ ಆಯಿಲ್ ಮೇಲೇರುತ್ತಿದೆ. ಸುಣ್ಣದ ಹಾಗೆ ಬಿಳಿಚಿದ್ದರೆ ಮಿಶ್ರಣ ತೆಳು, ಅಂದರೆ ಪೆಟ್ರೋಲ್ ಕಡಿಮೆ. ಎಲ್ಲವೂ ಕಪ್ಪಗಿದ್ದರೆ ಕಾರ್ಬೊರೇಟರ್ ಅಥವಾ ಸೆನ್ಸರ್ ಮೇಲೆ ಅನುಮಾನ, ಒಂದೇ ಒಂದು ಬೇರೆ ಥರ ಇದ್ದರೆ ಆ ಸಿಲಿಂಡರಿನ ವಾಲ್ವ್, ರಿಂಗ್ ಅಥವಾ ಪ್ಲಗ್ ವೈರ್ ಮೇಲೆ. ಹಳೇ ಕಾರ್ಬೊರೇಟರ್ ಗಾಡಿಗೆ ಗ್ಯಾಪ್ ಸಾಮಾನ್ಯವಾಗಿ 0.7ರಿಂದ 0.8 ಮಿಲಿಮೀಟರ್, ಫೀಲರ್ ಗೇಜಿನಲ್ಲೇ ಅಳೆಯಿರಿ. ಮಳೆಗಾಲದಲ್ಲಿ ಕತ್ತಲೆಯಲ್ಲಿ ಬಾನೆಟ್ ಎತ್ತಿ ಎಂಜಿನ್ ಚಾಲೂ ಮಾಡಿ ನೋಡಿ. ಸವೆದ ಪ್ಲಗ್ ವೈರಿನ ಮೈಮೇಲೆ ನೀಲಿ ಕಿಡಿ ಹರಿದಾಡುವುದು ಕಣ್ಣಿಗೇ ಕಾಣುತ್ತದೆ.

ಟ್ಯಾಪೆಟ್ (ವಾಲ್ವಿನ ಸಂದು), ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಹೊತ್ತು) ಸರಿಮಾಡಿ ಮುಗಿದ ಮೇಲೆ ಕಾರ್ಬೊರೇಟರ್. ಎಂಜಿನ್ ಪೂರ್ತಿ ಬಿಸಿ ಇರಲಿ, ಚೋಕ್ (ತಣ್ಣಗಿನ ಎಂಜಿನ್ನಿಗೆ ಗಾಳಿ ಕಡಿಮೆ ಮಾಡುವ ಮುಚ್ಚಳ) ಪೂರ್ತಿ ತೆರೆದಿದೆಯೇ ಎಂದು ಕಣ್ಣಿಂದ ನೋಡಿ. ಹಳೇ ಕೇಬಲ್ ಅರ್ಧದಲ್ಲೇ ಸಿಕ್ಕಿಕೊಂಡಿರುತ್ತದೆ. ಸ್ಲೋ ರನ್ನಿಂಗ್ 800-900 ಆರ್‌ಪಿಎಂಗೆ ಇಡಿ. ಮಿಕ್ಸ್ಚರ್ ಸ್ಕ್ರೂವನ್ನು ಸಲ ಸಲಕ್ಕೂ ಕಾಲು ಸುತ್ತು ಒಳಗೆ ತಿರುಗಿಸಿ, ಹದಿನೈದು ಸೆಕೆಂಡ್ ಕಾಯಿರಿ. ಎಂಜಿನ್ ತಡವರಿಸಲು ಶುರುವಾದಾಗ ಕಾಲು ಸುತ್ತು ಹೊರಗೆ ತನ್ನಿ. ಹೊಗೆ ಅಳೆಯುವ ಅನಲೈಸರ್ ಇದ್ದರೆ ಸಿಒ ಶೇ 1.5ರಿಂದ 2ರ ನಡುವೆ ನಿಲ್ಲಿಸಿ. ಶೇ 0.5ಕ್ಕೆ ಇಳಿಸಿ ತೋರಿಸುತ್ತೇನೆ ಎಂದರೆ ಬೇಡ ಎನ್ನಿ. ಟೆಸ್ಟಿಗೋಸ್ಕರ ಅಷ್ಟು ತೆಳು ಮಾಡಿದ ಎಂಜಿನ್ ಮಿಸ್ ಹೊಡೆದು ಎಚ್‌ಸಿ ಏರಿಸುತ್ತದೆ, ಶಿರಾಡಿ ಹತ್ತುವಾಗ ಕಾದು ವಾಲ್ವ್ ಸುಡುತ್ತದೆ.

ಸ್ಕ್ರೂ ಎಷ್ಟು ತಿರುಗಿಸಿದರೂ ಸಿಒ ಇಳಿಯದಿದ್ದರೆ ಏರ್ ಜೆಟ್ ಮುಚ್ಚಿದೆ ಅಥವಾ ಫ್ಲೋಟ್ (ಕಾರ್ಬೊರೇಟರಿನೊಳಗೆ ಪೆಟ್ರೋಲ್ ಮಟ್ಟ ಕಾಯುವ ತೇಲುಬುಂಡೆ) ಮಟ್ಟ ಮೇಲಿದೆ. ಶೇ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದ ಮೇಲೆ ಇದು ಹೆಚ್ಚಾಗಿದೆ. ಎಥನಾಲ್ ಹಳೇ ಟ್ಯಾಂಕಿನ ತುಕ್ಕು, ಗೋಂದನ್ನು ಕಿತ್ತು ಜೆಟ್ಟಿಗೆ ತರುತ್ತದೆ, ಹಳೇ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ, ನೀರನ್ನೂ ಹೀರುತ್ತದೆ. ಮೂಡಿಗೆರೆ, ಸಕಲೇಶಪುರದ ಕಡೆ ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಲ್ಲುವ ಕಾರಿನ ಅರ್ಧ ಖಾಲಿ ಟ್ಯಾಂಕಿನಲ್ಲಿ ನೀರು ತಳಕ್ಕೆ ಇಳಿದಿರುತ್ತದೆ. ನಿಲ್ಲಿಸುವ ಮುಂಚೆ ಟ್ಯಾಂಕ್ ತುಂಬಿಸಿ, ತೆಗೆದಾಗ ಫ್ಲೋಟ್ ಚೇಂಬರ್ ಬರಿದು ಮಾಡಿ, ಫ್ಯೂಯಲ್ ಫಿಲ್ಟರ್ ಬದಲಿಸಿ.

ಥರ್ಮೋಸ್ಟಾಟ್ ಕಿತ್ತ ಕಾರು

ನಮ್ಮ ಕಡೆ ಒಂದು ರೂಢಿ ಇದೆ: ಘಟ್ಟದಲ್ಲಿ ಒಮ್ಮೆ ಕಾದರೆ ಸಾಕು, ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ಕಿತ್ತು ಬಿಸಾಡುವುದು. ಆಮೇಲೆ ಡಿಸೆಂಬರ್ ಬೆಳಗಿನ ಚಳಿಯಲ್ಲಿ ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಮೇಲೆ ಆ ಎಂಜಿನ್ ಎಷ್ಟು ಓಡಿದರೂ ಬಿಸಿ ಆಗುವುದಿಲ್ಲ. ಎಂಪಿಎಫ್‌ಐ ಆದರೆ ಇನ್ನೂ ತಣ್ಣಗಿದೆ ಎಂದುಕೊಂಡು ಇಸಿಯು (ಎಂಜಿನ್ನಿನ ಕಂಪ್ಯೂಟರ್) ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಸಿಒ ಏರುತ್ತದೆ, ಮೈಲೇಜ್ ಬೀಳುತ್ತದೆ, ಆಯಿಲ್ ತೆಳುವಾಗುತ್ತದೆ. ಪರೀಕ್ಷೆ ಸುಲಭ. ಚಾಲೂ ಮಾಡಿದ ಎರಡು ಮೂರು ನಿಮಿಷಕ್ಕೆ ರೇಡಿಯೇಟರಿನ ಮೇಲಿನ ಪೈಪ್ ಉಗುರುಬೆಚ್ಚಗೆ ಆಗತೊಡಗಿದರೆ ಥರ್ಮೋಸ್ಟಾಟ್ ಇಲ್ಲ ಅಥವಾ ತೆರೆದೇ ನಿಂತಿದೆ. ಸರಿಯಿದ್ದರೆ ಪೈಪ್ ಬಹಳ ಹೊತ್ತು ತಣ್ಣಗಿದ್ದು, 80 ಡಿಗ್ರಿ ದಾಟಿದ ಮೇಲೆ ಒಮ್ಮೆಲೇ ಸುಡುತ್ತದೆ. ಕಾದದ್ದಕ್ಕೆ ಕಾರಣ ಫ್ಯಾನ್ ಸ್ವಿಚ್ಚೋ ಕಟ್ಟಿದ ರೇಡಿಯೇಟರೋ ಇರುತ್ತದೆ, ರಿಪೇರಿ ಅಲ್ಲಿ ಮಾಡಿಸಿ.

ಕ್ಯಾಟಲಿಟಿಕ್ ಕನ್ವರ್ಟರ್

ಸೈಲೆನ್ಸರ್ ಪೈಪಿನಲ್ಲಿ ಕೂತು ಹೊಗೆಯ ಸಿಒ, ಎಚ್‌ಸಿಯನ್ನು ಕಡಿಮೆ ಮಾಡುವ ಡಬ್ಬಿ ಇದು; ಬಿಎಸ್-2ರಿಂದ ಮುಂದಿನ ಪೆಟ್ರೋಲ್ ಕಾರು ಪಾಸಾಗುವುದು ಇದರ ಬಲದಿಂದ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಅಡಿಯಲ್ಲಿ ಬಗ್ಗಿ ನೋಡಿ. ಒಳಗಿನದನ್ನು ಒಡೆದು ಖಾಲಿ ಡಬ್ಬಿ ಬಿಟ್ಟಿರುತ್ತಾರೆ, ಇಲ್ಲವೇ ನೇರ ಪೈಪ್ ಬೆಸೆದಿರುತ್ತಾರೆ. ರಬ್ಬರ್ ಸುತ್ತಿಗೆಯಲ್ಲಿ ತಟ್ಟಿದಾಗ ಗಲಗಲ ಎಂದರೆ ಒಳಗಿನ ಜೇನುಗೂಡು ಒಡೆದಿದೆ. ಹೊಸದು ಹಾಕುವ ಮುಂಚೆ ಹಳೆಯದು ಸತ್ತದ್ದೇಕೆ ಎಂದು ತಿಳಿದುಕೊಳ್ಳಿ. ಮಿಸ್ ಹೊಡೆಯುವ ಪ್ಲಗ್ ಅಥವಾ ಆಯಿಲ್ ಕುಡಿಯುವ ಎಂಜಿನ್ ಹಾಗೇ ಇದ್ದರೆ ಹೊಸದೂ ಸಾಯುತ್ತದೆ. ಆಕ್ಸಿಜನ್ ಸೆನ್ಸರ್ ವೋಲ್ಟೇಜ್ ಬಿಸಿ ಎಂಜಿನ್ನಿನಲ್ಲಿ 0.1ರಿಂದ 0.9ರ ನಡುವೆ ಬೇಗಬೇಗ ಏರಿಳಿಯಬೇಕು. ಸೆನ್ಸರಿಗಿಂತ ಮುಂಚೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೀಳಿದ್ದರೆ ಹೊರಗಿನ ಗಾಳಿ ಒಳಗೆ ಸೇರುತ್ತದೆ, ಮಿಶ್ರಣ ತೆಳುವಿದೆ ಎಂದು ಇಸಿಯು ಮೋಸಹೋಗಿ ಪೆಟ್ರೋಲ್ ಹೆಚ್ಚಿಸುತ್ತದೆ. ನೂರಿನ್ನೂರು ರೂಪಾಯಿಯ ಗ್ಯಾಸ್ಕೆಟ್ಟಿಗೆ ಸಾವಿರಾರು ರೂಪಾಯಿಯ ಸೆನ್ಸರ್ ಬದಲಿಸುವುದು ಹೀಗೆ.

ಪರೀಕ್ಷೆಯ ದಿನ

ಕನ್ವರ್ಟರ್ ಕೆಲಸ ಶುರುಮಾಡುವುದು 250-300 ಡಿಗ್ರಿಗೆ. ಮನೆಯಿಂದ ಎರಡು ಕಿಲೋಮೀಟರ್ ಬಂದು ಸಾಲಿನಲ್ಲಿ ಅರ್ಧ ಗಂಟೆ ನಿಂತರೆ ಒಳ್ಳೆ ಕಾರೂ ಫೇಲ್. ಹಾಸನದಲ್ಲಾದರೆ ಶಾಂತಿಗ್ರಾಮದವರೆಗೆ, ಚಿಕ್ಕಮಗಳೂರಲ್ಲಾದರೆ ಬೇಲೂರು ರಸ್ತೆಯಲ್ಲಿ ಇಪ್ಪತ್ತು ನಿಮಿಷ ಒಂದು ಗೇರ್ ಕಮ್ಮಿಯಲ್ಲಿ ಓಡಿಸಿ ನೇರ ಟೆಸ್ಟಿಗೆ ಹೋಗಿ. ಎಸಿ, ಲೈಟ್ ಆರಿಸಿ. ಟೆಸ್ಟಿನ ಯಂತ್ರದ ಕೊಳವೆ ಸೈಲೆನ್ಸರ್ ಒಳಗೆ ಕನಿಷ್ಠ 30 ಸೆಂಟಿಮೀಟರ್ ಹೋಗಬೇಕು. ಬಾಯಲ್ಲೇ ನೇತಾಡಿದರೆ ಹೊರಗಾಳಿ ಸೇರಿ ಸುಳ್ಳು ಪಾಸ್ ಬರುತ್ತದೆ.

ಫೇಲ್ ಆದರೆ ಅಂಕಿ ಬರೆದುಕೊಳ್ಳಿ. ಸಿಒ ಹೆಚ್ಚು, ಎಚ್‌ಸಿ ಸಾಧಾರಣ: ಪೆಟ್ರೋಲ್ ಜಾಸ್ತಿ, ಅಂದರೆ ಫಿಲ್ಟರ್, ಚೋಕ್, ಫ್ಲೋಟ್, ಥರ್ಮೋಸ್ಟಾಟ್. ಸಿಒ ಕಡಿಮೆ, ಎಚ್‌ಸಿ ಹೆಚ್ಚು: ಪ್ಲಗ್, ವೈರ್, ಸುಟ್ಟ ವಾಲ್ವ್ ಅಥವಾ ವ್ಯಾಕ್ಯೂಮ್ ಲೀಕ್. ಎಂಪಿಎಫ್‌ಐಯಲ್ಲಿ ಎರಡೂ ಹೆಚ್ಚಿದ್ದು ಎಂಜಿನ್ ನುಣ್ಣಗೆ ಓಡುತ್ತಿದ್ದರೆ ಕನ್ವರ್ಟರ್ ಸತ್ತಿದೆ. ಬಿಎಸ್-4ಕ್ಕಿಂತ ಹಿಂದಿನ ಗಾಡಿಗೆ ಸರ್ಟಿಫಿಕೇಟ್ ಆರು ತಿಂಗಳು, ಬಿಎಸ್-4ರಿಂದ ಮುಂದಕ್ಕೆ ಒಂದು ವರ್ಷ.

ಡೀಸೆಲ್ ಜೀಪಿನ ಪ್ರಶ್ನೆ

ಎಸ್ಟೇಟ್ ಜೀಪು, ಹಳೇ ಬೊಲೆರೊಗಳಿಗೆ ಅಳೆಯುವುದು ಹೊಗೆಯ ಕಪ್ಪು: ಬಿಎಸ್-4ಕ್ಕಿಂತ ಹಿಂದಿನದಕ್ಕೆ ಮಿತಿ 65 ಎಚ್‌ಎಸ್‌ಯು (ಹೊಗೆಯ ಕಪ್ಪಿನ ಅಳತೆ), ಬಿಎಸ್-4ಕ್ಕೆ 50. ಕರಿಹೊಗೆಗೆ ಸಾಮಾನ್ಯ ಕಾರಣ ಮೂರು: ಕಟ್ಟಿದ ಫಿಲ್ಟರ್, ಸೋರುವ ಇಂಜೆಕ್ಟರ್ ನಾಝಲ್, ಮತ್ತು ಕಾಫಿ ಮೂಟೆ ಹೊತ್ತು ಏರು ಹತ್ತಲಿ ಎಂದು ಸೀಲ್ ಮುರಿದು ಹೆಚ್ಚಿಸಿದ ಇಂಜೆಕ್ಷನ್ ಪಂಪಿನ ಸ್ಕ್ರೂ. ಮೂರನೆಯದನ್ನು ಪಂಪ್ ಅಂಗಡಿಯಲ್ಲಿ ಬೆಂಚಿನ ಮೇಲೇ ಸರಿಮಾಡಿಸಬೇಕು. ಆಯಿಲ್ ಬಾತ್ ಫಿಲ್ಟರ್ ಇದ್ದರೆ ಗುರುತಿನ ಗೆರೆಯವರೆಗೆ ಮಾತ್ರ ಆಯಿಲ್ ಹಾಕಿ. ಜಾಸ್ತಿಯಾದರೆ ಎಂಜಿನ್ ಅದನ್ನೇ ಎಳೆದುಕೊಳ್ಳುತ್ತದೆ. ಟೆಸ್ಟಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಎಂಜಿನ್ನನ್ನು ಗರಿಷ್ಠ ವೇಗಕ್ಕೆ ಹಲವು ಸಲ ಏರಿಸುತ್ತಾರೆ. ಬೆಲ್ಟ್ ಟೈಮಿಂಗ್ ಇರುವ ಡೀಸೆಲ್ ಕಾರಿನ ಬೆಲ್ಟ್ ಅವಧಿ ಮುಗಿದಿದ್ದರೆ ಮೊದಲು ಬದಲಿಸಿ, ಅಲ್ಲೇ ತುಂಡಾದರೆ ವಾಲ್ವ್ ಪಿಸ್ಟನ್ನಿಗೆ ಬಡಿದು ಎಂಜಿನ್ ಹೋಗುತ್ತದೆ.

ಆರ್‌ಟಿಒ ಕೆಲಸ

ನೋಂದಣಿ ಮುಗಿಯುವ 60 ದಿನ ಮುಂಚೆಯಿಂದ ಫಾರಂ 25ರಲ್ಲಿ ಅರ್ಜಿ ಹಾಕಬಹುದು. ಆರ್‌ಸಿ, ವಿಮೆ, ಎಮಿಷನ್ ಬೇಕು. ಎಚ್‌ಎಸ್‌ಆರ್‌ಪಿ ಪ್ಲೇಟ್, ಹೆಡ್‌ಲೈಟ್, ಹ್ಯಾಂಡ್‌ಬ್ರೇಕ್ ಸರಿ ಇರಲಿ, ಚಾಸಿ ನಂಬರಿನ ಮೇಲಿನ ತುಕ್ಕನ್ನು ನಯವಾದ ಬ್ರಷ್ಷಿನಿಂದ ತೆಗೆದು ಓದುವಂತೆ ಮಾಡಿ, ಉಜ್ಜುಕಾಗದ ಹಾಕಬೇಡಿ. ಕಾರಿಗೆ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ. 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಿಂದ 10,000. ರಾಜ್ಯದ ಹಸಿರು ತೆರಿಗೆ 500 ಬೇರೆ. ತಡವಾದರೆ ತಿಂಗಳಿಗೆ 500ರಂತೆ ಬೆಳೆಯುತ್ತದೆ.

ಕಂಪ್ರೆಷನ್ ಪರೀಕ್ಷೆಯಲ್ಲಿ ಸಿಲಿಂಡರುಗಳ ನಡುವೆ ತೀರಾ ವ್ಯತ್ಯಾಸವಿದ್ದು, ಬಾಗಿಲ ಕೆಳಗಿನ ಸಿಲ್ ಸ್ಕ್ರೂಡ್ರೈವರ್ ಚುಚ್ಚಿದರೆ ಒಳಹೋಗುವಷ್ಟು ತುಕ್ಕು ಹಿಡಿದಿದ್ದರೆ ಆ 10,000 ಕಟ್ಟಬೇಡಿ. ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟು ಸರ್ಟಿಫಿಕೇಟ್ ಆಫ್ ಡಿಪಾಸಿಟ್ ಪಡೆಯಿರಿ, ಅದರ ಮೇಲೆ ಹೊಸ ಕಾರಿನ ನೋಂದಣಿ ಶುಲ್ಕ ಮಾಫಿ ಇದೆ. ಬೀದಿ ಗುಜರಿಗೆ ಕೀ ಕೊಟ್ಟು ಕೈತೊಳೆದುಕೊಂಡರೆ ಆರ್‌ಸಿ ನಿಮ್ಮ ಹೆಸರಲ್ಲೇ ಉಳಿಯುತ್ತದೆ, ನಿಮ್ಮ ನಂಬರ್ ಪ್ಲೇಟ್ ಯಾವ ಗಾಡಿಯ ಮೇಲೆ ಓಡಾಡಿದರೂ ನೋಟಿಸ್ ಬರುವುದು ನಿಮ್ಮ ಮನೆಗೆ.