ಹೂಬಿಡುವ ಹೊಸ ಮರವೊಂದನ್ನು ಗುರುತಿಸಿ, ವಿವರಿಸಿ, ಹೆಸರಿಡುವ ಬಗೆ

ಬೆಂಗಳೂರಿನ ಬೀದಿಬದಿಯಲ್ಲೋ ಲಾಲ್‌ಬಾಗಿನಲ್ಲೋ ಹೆಸರು ಗೊತ್ತಿಲ್ಲದ ಮರವೊಂದು ಮೈತುಂಬ ಹೂಬಿಟ್ಟಿದ್ದರೆ, ಹೊಸ ಪ್ರಭೇದವೆಂದು ಹಿಗ್ಗುವ ಮೊದಲು ಅದು ಯಾವ ದೇಶದಿಂದ ಬಂದದ್ದೆಂದು ವಿಚಾರಿಸಬೇಕು. ಹೈದರಾಲಿಯ ಕಾಲದಿಂದ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಕ್ರುಂಬಿಗಲ್ ಅವರ ಕಾಲದವರೆಗೆ, ಆಮೇಲೂ, ಇಲ್ಲಿ ಹೊರನಾಡಿನ ಮರಗಳನ್ನು ತರಿಸಿ ನೆಡುತ್ತಲೇ ಬಂದಿದ್ದಾರೆ. ನಗರಕ್ಕೆ ಗುಲಾಬಿ ಬಣ್ಣ ತರುವ ಟಬೆಬುಯಾ ಕೂಡ ಅಮೆರಿಕ ಖಂಡದ್ದು. ಹೊಸದು ಸಿಗುವ ಸಂಭವ ಹೆಚ್ಚಿರುವುದು ಪಶ್ಚಿಮ ಘಟ್ಟದಲ್ಲಿ. ಉತ್ತರ ಕನ್ನಡದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ (ರಾಮಪತ್ರೆ ಮರಗಳ ಜೌಗು ಕಾಡಿನಲ್ಲಿ) ಬೆಳೆಯುವ ಗೇರಿನ ಬಳಗದ ಮರವೊಂದು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಹೆಸರು ಪಡೆದದ್ದು 2000ದಲ್ಲಷ್ಟೇ.

ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ರೆಂಬೆಯನ್ನೂ ಕತ್ತರಿಸಬಾರದು. ಅನುಮತಿ ದೊರೆತ ಮೇಲೆ ಒಂದೇ ಮರದಿಂದ ಹೂವಿರುವ ನಾಲ್ಕಾರು ರೆಂಬೆಗಳನ್ನು ತೆಗೆದು ಒಂದೇ ಸಂಗ್ರಹ ಸಂಖ್ಯೆ ಕೊಡಬೇಕು. ಮರಕ್ಕೂ ಗುರುತು ಹಾಕಿಟ್ಟು, ಕಾಯಿಗಾಗಿ ಮತ್ತೆ ಬರಬೇಕು. ಒಣಗಿದ ಮೇಲೆ ಮಾಯವಾಗುವುದನ್ನೆಲ್ಲ ಮರದ ಬುಡದಲ್ಲೇ ನಿಂತು ಬರೆದುಕೊಳ್ಳಬೇಕು: ಮರದ ಎತ್ತರ, ತೊಗಟೆ ಕೆತ್ತಿದಾಗ ಕಾಣುವ ಬಣ್ಣ, ಹಾಲು ಅಥವಾ ಅಂಟು ಒಸರುತ್ತದೆಯೇ ಎಂಬುದು, ದಳಗಳ ಬಣ್ಣ, ಹೂವಿನ ವಾಸನೆ. ತಂದ ರೆಂಬೆಗಳನ್ನು ಪತ್ರಿಕೆಯ ಹಾಳೆಗಳ ನಡುವೆ ಒತ್ತಿ ಒಣಗಿಸಬೇಕು. ನಾನು ಮೊದಲ ಸಲ ಮಳೆಗಾಲದಲ್ಲಿ ಮಲೆನಾಡಿನಿಂದ ತಂದ ಕಟ್ಟಿನಲ್ಲಿ ಪತ್ರಿಕೆಯ ಹಾಳೆಗಳನ್ನು ಎರಡು ದಿನ ಬದಲಿಸದೆ ಬಿಟ್ಟಿದ್ದೆ. ಬಿಚ್ಚಿ ನೋಡಿದರೆ ಎಲೆಗಳು ಕಪ್ಪಾಗಿ ತೊಟ್ಟಿನಿಂದ ಕಳಚಿದ್ದವು, ಹೂಗಳ ಮೇಲೆ ಬೂಷ್ಟು ಹಿಡಿದಿತ್ತು. ಆದ್ದರಿಂದ ಹಾಳೆಗಳನ್ನು ದಿನವೂ ಬದಲಿಸಿ, ಕೆಲವು ಹೂಗಳನ್ನು ಶೇಕಡಾ 70ರ ಸ್ಪಿರಿಟ್‌ನಲ್ಲೂ, ಡಿಎನ್‌ಎ ಪರೀಕ್ಷೆಗೆಂದು ಎಳೆಯ ಎಲೆಯ ಚೂರುಗಳನ್ನು ಸಿಲಿಕಾ ಜೆಲ್‌ನಲ್ಲೂ ಇಡಿ.

ಕೆಲಸದ ಮುಕ್ಕಾಲು ಪಾಲು ನಡೆಯುವುದು ಹರ್ಬೇರಿಯಂನ, ಅಂದರೆ ಒಣಗಿಸಿದ ಸಸ್ಯಗಳ ಸಂಗ್ರಹಾಲಯದ, ಬೀರುಗಳ ಮುಂದೆ. ಬೆಂಗಳೂರಿನಲ್ಲಿರುವವರಿಗೆ ಇದೊಂದು ಅನುಕೂಲ: ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಹರ್ಬೇರಿಯಂನಲ್ಲಿ ಸಸ್ಯವಿಜ್ಞಾನಿ ಸೆಸಿಲ್ ಸಲ್ಡಾನಾ ಅವರ ತಂಡ ಹಾಸನ ಜಿಲ್ಲೆಯಿಂದ ತಂದ ಮಾದರಿಗಳಿವೆ, ಹೆಬ್ಬಾಳದ ಆಚೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲೂ ಒಂದು ಹರ್ಬೇರಿಯಂ ಇದೆ. ಆ ಕುಲದಲ್ಲಿ ಈಗಾಗಲೇ ಹೆಸರಿಟ್ಟಿರುವ ಪ್ರಭೇದಗಳನ್ನೆಲ್ಲ, ಹಳೆಯ ಹೆಸರುಗಳೂ ಸೇರಿದಂತೆ, ಪಟ್ಟಿ ಮಾಡಿ ಒಂದೊಂದರ ಮೂಲ ಮಾದರಿಯೊಡನೆ (ಆ ಹೆಸರಿಗೆ ಆಧಾರವಾದ ಮಾದರಿಯೊಡನೆ) ಹೋಲಿಸಬೇಕು. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿರುವ ಅನೇಕ ಮಾದರಿಗಳ ಚಿತ್ರಗಳು ಈಗ ಅಂತರಜಾಲದಲ್ಲೇ ಸಿಗುತ್ತವೆ.

ಎಲೆಯನ್ನು ನಂಬಿ ಮೋಸಹೋದವರೇ ಹೆಚ್ಚು. ಒಂದೇ ಮರದಲ್ಲಿ ನೆರಳಿನ ಎಲೆ ಅಗಲವಾಗಿಯೂ ನೆತ್ತಿಯ ಎಲೆ ಕಿರಿದಾಗಿಯೂ ಇರಬಹುದು. ಒಣಗಿದ ಹೂವನ್ನು ನೀರಿನಲ್ಲಿ ಒಂದೆರಡು ನಿಮಿಷ ಕುದಿಸಿ ಮೆತ್ತಗಾಗಿಸಿ, ಸೂಕ್ಷ್ಮದರ್ಶಕದಡಿ ಸೂಜಿಯಿಂದ ಬಿಡಿಸಿದಾಗ ಕೇಸರಗಳು ಎಷ್ಟು, ಅವು ದಳಕ್ಕೆ ಅಂಟಿವೆಯೇ, ಅಂಡಾಶಯದಲ್ಲಿ ಎಷ್ಟು ಕೋಣೆಗಳಿವೆ ಎಂಬುದು ಕಾಣುತ್ತದೆ. ಹಲವು ಮರಗಳಲ್ಲಿ ಹೀಗೆ ಅಳೆದ ಮೇಲೂ ವ್ಯತ್ಯಾಸ ಮಾಸದೆ ಉಳಿದರೆ ಮಾತ್ರ ಮುಂದಿನ ಹೆಜ್ಜೆ ಇಡಬಹುದು. ಅನುಮಾನವಿದ್ದರೆ ಇನ್ನೊಂದು ಹೂಗಾಲ ಕಾಯುವುದೇ ಲೇಸೆಂದು ನನ್ನ ಅಭಿಪ್ರಾಯ.

ಹೆಸರು ಊರ್ಜಿತವಾಗಲು ಅಂತರರಾಷ್ಟ್ರೀಯ ಸಸ್ಯನಾಮಕರಣ ಸಂಹಿತೆಯನ್ನು ಪಾಲಿಸಬೇಕು. 2012ರ ಜನವರಿ 1ರಿಂದ ವಿವರಣೆಯನ್ನು ಲ್ಯಾಟಿನ್ ಬದಲು ಇಂಗ್ಲಿಷಿನಲ್ಲಿ ಬರೆಯಬಹುದು, ಐಎಸ್‌ಎಸ್‌ಎನ್ ಅಥವಾ ಐಎಸ್‌ಬಿಎನ್ (ನಿಯತಕಾಲಿಕೆ ಅಥವಾ ಪುಸ್ತಕದ ಗುರುತು ಸಂಖ್ಯೆ) ಇರುವ ಪಿಡಿಎಫ್ ಪ್ರಕಟಣೆಗೂ ಮಾನ್ಯತೆಯಿದೆ. ಕನ್ನಡದಲ್ಲಿ ಮಾತ್ರ ವಿವರಿಸಿದರೆ ಹೆಸರು ನಿಲ್ಲುವುದಿಲ್ಲ, ಅದು ಬೇಸರದ ಸಂಗತಿಯೇ. ಒಂದೇ ಒಂದು ಮಾದರಿಯನ್ನು ಹೋಲೋಟೈಪ್, ಅಂದರೆ ಹೊಸ ಹೆಸರಿಗೆ ಆಧಾರವಾದ ಮೂಲ ಮಾದರಿ, ಎಂದು ಸೂಚಿಸಿ, ಅದು ಯಾವ ಹರ್ಬೇರಿಯಂನಲ್ಲಿದೆ ಎಂದು ಹೇಳಬೇಕು. ಹೆಸರಿನ ಲಿಂಗವನ್ನೂ ಗಮನಿಸಬೇಕು: ಲ್ಯಾಟಿನ್ನಿನಲ್ಲಿ ಮರಗಳು ಹೆಚ್ಚಾಗಿ ಸ್ತ್ರೀಲಿಂಗವಾದ್ದರಿಂದ ಅರಳಿ ಮರವು ಫೈಕಸ್ ರಿಲಿಜಿಯೋಸಸ್ ಆಗದೆ ಫೈಕಸ್ ರಿಲಿಜಿಯೋಸಾ ಆಗಿದೆ.

ಹೊಸ ಪ್ರಭೇದ ಸಿಕ್ಕ ವಿಷಯವನ್ನು ಸರ್ಕಾರ ಗೊತ್ತುಪಡಿಸಿದ ಮಾದರಿ ಭಂಡಾರಕ್ಕೆ ತಿಳಿಸಿ ಅಲ್ಲಿ ಮಾದರಿಯೊಂದನ್ನು ಇಡಬೇಕೆಂದು 2002ರ ಜೀವವೈವಿಧ್ಯ ಕಾಯಿದೆ ವಿಧಿಸುತ್ತದೆ. ಭಾರತೀಯ ಸಸ್ಯಶಾಸ್ತ್ರೀಯ ಸರ್ವೇಕ್ಷಣ ಸಂಸ್ಥೆ ಅಂಥದ್ದೊಂದು ಭಂಡಾರ. ಬೆರಳೆಣಿಕೆಯ ಮರಗಳಷ್ಟೇ ಉಳಿದಿದ್ದರೆ ಪ್ರಬಂಧದಲ್ಲಿ ಜಿಪಿಎಸ್ ಅಂಕಿಗಳನ್ನು ಪೂರ್ತಿಯಾಗಿ ಅಚ್ಚು ಹಾಕಿಸದೆ, ಊರು ಮತ್ತು ತಾಲ್ಲೂಕಿನ ಹೆಸರಿಗೇ ನಿಲ್ಲಿಸಿ.