ಮಣ್ಣಿನ ಮಾಳಿಗೆ ಮನೆಗೆ ಎಸಿ: ಮೊದಲು ಮಾಳಿಗೆ, ಆಮೇಲೆ ಮಷಿನ್

ವಿಜಯಪುರದ ಹಳೇ ಓಣಿಗಳ ಮಾಳಿಗೆ ಮನೆಗಳು, ಅಂದರೆ ಮಣ್ಣು ಹೊದಿಸಿದ ಚಪ್ಪಟೆ ಸೂರಿನ ಮನೆಗಳು, ಬೇಸಿಗೆಯ ಹಗಲಲ್ಲಿ ತಂಪಾಗಿರುತ್ತವೆ, ರಾತ್ರಿ ಕಾಯುತ್ತವೆ. ಎರಡೂಕಾಲು ಅಡಿ ದಪ್ಪದ ಕರಿಕಲ್ಲಿನ ಗೋಡೆ, ತೊಲೆ-ಜಂತಿಯ ಮೇಲೆ ಹತ್ತು ಹನ್ನೆರಡು ಇಂಚು ಮಣ್ಣು. ಮಧ್ಯಾಹ್ನದ ಬಿಸಿಲು ಅಷ್ಟು ಮಣ್ಣನ್ನು ದಾಟಿ ಒಳಗಿನ ಜಂತಿಗೆ ಮುಟ್ಟುವಷ್ಟರಲ್ಲಿ ರಾತ್ರಿ ಒಂಬತ್ತೋ ಹತ್ತೋ ಗಂಟೆ, ಅಂದರೆ ಮಲಗುವ ಹೊತ್ತು. ಆರ್‌ಸಿಸಿ ಮನೆಯ ಲೆಕ್ಕ ಹಿಡಿದು ಇಲ್ಲಿ ಎಸಿ ಕೂಡಿಸಿದರೆ ಮಷಿನ್ ರಾತ್ರಿಯಿಡೀ ಪೂರ್ತಿ ಓಡಿದರೂ ಕೋಣೆ ತಣಿಯುವುದಿಲ್ಲ. 14ಕ್ಕೆ 12 ಅಡಿಯ, 12 ಅಡಿ ಎತ್ತರದ ಒಂದು ಕೋಣೆಯಲ್ಲಿ ಹಳೇ 1.5 ಟನ್ ವಿಂಡೋ ಎಸಿ ತೆಗೆದು ಇನ್ವರ್ಟರ್ ಸ್ಪ್ಲಿಟ್ ಕೂಡಿಸಿದ ಕ್ರಮ ಇಲ್ಲಿದೆ.

ಶುರು ಮಾಡಿದ್ದು ಮಾಳಿಗೆಯಿಂದ. ಕೆಲಸಕ್ಕೆ ಮುಂಚೆ ಏಪ್ರಿಲ್‌ನಲ್ಲಿ ರಾತ್ರಿ 9ಕ್ಕೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದಾಗ ಜಂತಿಗಳ ನಡುವಿನ ಹಲಗೆ 38 ಡಿಗ್ರಿ, ಗೋಡೆ 34 ಡಿಗ್ರಿ ತೋರಿಸಿತು. ಶಾಖ ಮೇಲಿನಿಂದ ಬರುತ್ತಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಮಾಳಿಗೆಯ ಮೇಲೆ ಸಿಮೆಂಟ್ ಕೋಬಾ (ನೀರು ಇಳಿಯದಂತೆ ಹಾಕುವ ಗಟ್ಟಿ ಪದರ) ಹಾಕಿಸಿ ಅಂತ ಬಹಳ ಮಂದಿ ಹೇಳುತ್ತಾರೆ. ದಯವಿಟ್ಟು ಹಾಕಿಸಬೇಡಿ. ಕೆಳಗಿನ ಮಣ್ಣು ಹಿಗ್ಗಿ ಕುಗ್ಗುತ್ತದೆ, ಸಿಮೆಂಟ್ ಅದರ ಜೊತೆ ಹೋಗದೆ ಬಿರಿಯುತ್ತದೆ. ಬಿರುಕಿನಲ್ಲಿ ಇಳಿದ ಮಳೆನೀರು ಮೇಲೆ ಆರಲಾರದೆ ಜಂತಿಯನ್ನು ಕೊಳೆಸುತ್ತದೆ. ಅದು ಕೆಳಗೆ ಕಾಣುವ ಹೊತ್ತಿಗೆ ಜಂತಿ ಹೋಗಿರುತ್ತದೆ.

ನಾನು ಮಾಡಿಸಿದ್ದು ಇಷ್ಟು: ಹುಲ್ಲು ಬೇರುಸಹಿತ ಕೀಳಿಸಿ, ಇರುವೆ ಗೂಡು ಮುಚ್ಚಿ, ಎಂದಿನಂತೆ ಬಿಳಿ ಸವಳು ಮಣ್ಣು ಹಾಕಿಸಿ ಬಡಿಸಿದೆ. ಅದರ ಮೇಲೆ ಎರಡೂವರೆ ಅಡಿ ಎತ್ತರಕ್ಕೆ 75 ಪರ್ಸೆಂಟ್‌ನ ಶೇಡ್ ನೆಟ್. ನೆಟ್ಟಿನ ಪೈಪುಗಳನ್ನು ಮಾಳಿಗೆಗೆ ಚುಚ್ಚಲಿಲ್ಲ, ಕಾಂಕ್ರೀಟ್ ತುಂಬಿದ ಬಕೆಟ್‌ಗಳಲ್ಲಿ ನಿಲ್ಲಿಸಿದೆ. ಬಕೆಟ್‌ಗಳೆಲ್ಲ ಗೋಡೆಯ ನೆತ್ತಿಯ ಮೇಲೇ ಇವೆ, ನಡುಮಾಳಿಗೆಯ ಮೇಲೆ ಒಂದೂ ಇಲ್ಲ. ಒಂದು ವಾರದ ಮೇಲೆ ಅದೇ ಹೊತ್ತಿಗೆ ಅದೇ ಹಲಗೆ 34 ಡಿಗ್ರಿ ಇತ್ತು. ನೆಟ್ಟಿಗೆ ಒಂದೇ ಕಾಟ, ಬೇಸಿಗೆಯ ಅಡ್ಡಮಳೆಯ ಗಾಳಿ. ಮೂಡಲಕ್ಕೆ ಮೋಡ ಕಪ್ಪಾದರೆ ಸುತ್ತಿಡಬೇಕು, ಅದಕ್ಕೇ ಒಂದು ಬದಿ ಕೊಂಡಿ ಹಾಕಿ ಕಟ್ಟಿದ್ದೇನೆ.

ಆಮೇಲೆ ಬೆಳಕಿಂಡಿ. ತಂಪು ಗಾಳಿ ಭಾರ, ಬಾಗಿಲ ಕೆಳಗಿನ ಸಂದಿನಿಂದ ಪಡಸಾಲೆಗೆ ಹರಿದುಹೋಗುತ್ತದೆ. ಅಷ್ಟೇ ಬಿಸಿಗಾಳಿ ಬೆಳಕಿಂಡಿಯಿಂದ ಒಳಗಿಳಿಯುತ್ತದೆ. ಒಂದನ್ನು ಮುಚ್ಚಿ ಇನ್ನೊಂದನ್ನು ಬಿಟ್ಟರೆ ಅರ್ಧ ಕೆಲಸವೇ. ಬಾಗಿಲಿಗೆ ರಬ್ಬರ್ ಪಟ್ಟಿ ಹಚ್ಚಿದೆ, ಬೆಳಕಿಂಡಿಗೆ ಹಗ್ಗ ಎಳೆದರೆ ತೆರೆಯುವ ಕಟ್ಟಿಗೆ ಮುಚ್ಚಳ ಮಾಡಿಸಿದೆ. ಬೆಳಿಗ್ಗೆ ಐದರಿಂದ ಏಳರವರೆಗೆ ಅದು ತೆರೆದೇ ಇರಬೇಕು, ರಾತ್ರಿ ನಿಂತ ಗಾಳಿ ಹೋಗಲಿಕ್ಕೆ.

ಈಗ ಗೋಡೆ. ಸ್ಪ್ಲಿಟ್ ಎಸಿಯ ಪೈಪು ಹಾಯಿಸಲು 65 ಮಿಮೀ ತೂತು ಬೇಕು. ಇಂಥ ಗೋಡೆ ಅಖಂಡ ಕಲ್ಲಲ್ಲ: ಹೊರಗೊಂದು, ಒಳಗೊಂದು ಕಲ್ಲಿನ ಮೈ, ನಡುವೆ ಚೂರುಕಲ್ಲು ಮತ್ತು ಮಣ್ಣು. ಕೋರ್ ಮಷಿನ್ ನೀರು ಬಿಟ್ಟುಕೊಂಡು ಕೊರೆಯುತ್ತದೆ. ಆರು ಇಂಚು ಹೋಗುವುದರೊಳಗೆ ತೂತಿನಿಂದ ಕೆಂಪು ರಾಡಿ ಸುರಿಯತೊಡಗಿತು, ಕಲ್ಲಿನ ಪುಡಿಯ ಬೂದು ನೀರಲ್ಲ. ಗೌಂಡಿ ಕಲ್ಲಿಗೆ ಸುತ್ತಿಗೆಯ ಹಿಡಿಕೆ ತಟ್ಟಿ, ಕಿವಿಗೊಟ್ಟು ಕೇಳಿ, "ಸರ, ಒಳಗ ಪೊಳ್ಳು ಆಗಾಕತ್ತೈತ್ರಿ, ಬಂದ್ ಮಾಡ್ರಿ" ಎಂದ. ಅಲ್ಲಿಗೇ ನಿಲ್ಲಿಸಿದೆವು. ಗೋಡೆಯ ಹೊಟ್ಟೆಯ ಮಣ್ಣು ತೊಳೆದುಹೋದರೆ ಹೊರಮೈ ಉಬ್ಬುತ್ತದೆ, ಮುಂದಿನ ಮಳೆಗಾಲಕ್ಕೆ ಬೀಳಲೂಬಹುದು. ಕೊರೆದ ಆರು ಇಂಚಿಗೆ ಸುಣ್ಣದ ಗಾರೆ, ಚಕ್ಕೆಕಲ್ಲು ತುಂಬಿಸಿದೆ.

ದಾರಿ ಇದ್ದದ್ದು ಹಳೇ ಎಸಿ ಕೂತಿದ್ದ ಕಿಟಕಿಯಲ್ಲೇ. ಅದರ ಪ್ಲೈವುಡ್ ಕಿತ್ತು ನಾಲ್ಕೂವರೆ ಇಂಚಿನ ಇಟ್ಟಿಗೆ ಕಟ್ಟಿಸಿ, ನಡುವೆ 3 ಇಂಚಿನ ಪಿವಿಸಿ ಪೈಪನ್ನು ಹೊರಕ್ಕೆ ಇಳಿಜಾರಾಗಿ ಕೂಡಿಸಿದೆ. ಹಳೇ ಮನೆಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ: ಈಗಾಗಲೇ ಇರುವ ಕಿಂಡಿ ಯಾವುದು?

ಒಳಗಿನ ಯೂನಿಟ್ಟಿನ ತೂಕ 10-12 ಕೆಜಿ. ಮಣ್ಣಿನ ಗಿಲಾವಿನಲ್ಲಿ ಪ್ಲಾಸ್ಟಿಕ್ ಗಿಟ್ಟೆ ಹಿಡಿಯುವುದಿಲ್ಲ, ತಿಂಗಳೊಳಗೆ ಯೂನಿಟ್ ತೂಗುಹಾಕುವ ಪ್ಲೇಟ್ ವಾಲುತ್ತದೆ, ವಾಲಿದರೆ ನೀರು ಒಳಗೆ ಸೋರುತ್ತದೆ. ಕಲ್ಲಿನ ಸಂದುಗಳನ್ನು ಆರು ಇಂಚು ಬಿಡಿಸಿ, 10 ಮಿಮೀ ಚೂಡಿ (ಥ್ರೆಡ್) ಸರಳು ನಾಲ್ಕನ್ನು ಗಾರೆಯಲ್ಲಿ ಹುಗಿಸಿ, ಏಳು ದಿನ ನೀರು ಚಿಮುಕಿಸಿ, ಆಮೇಲೆ 18 ಮಿಮೀ ಪ್ಲೈವುಡ್ ಬಿಗಿದು ಅದರ ಮೇಲೆ ಪ್ಲೇಟ್ ಹೊಡೆಸಿದೆ. ಹೊರಗಿನ ಯೂನಿಟ್ ಮಾಳಿಗೆಗೂ ಬೇಡ, ಗೋಡೆಗೂ ಬೇಡ. ಅದರ ನಡುಕ ಮಣ್ಣುಗಾರೆಯನ್ನು ಸಡಿಲಿಸುತ್ತದೆ. ಹಿತ್ತಲಲ್ಲಿ ಬಡಗು ಗೋಡೆಯ ನೆರಳಿಗೆ ಆರು ಇಂಚಿನ ಕಟ್ಟೆ, ರಬ್ಬರ್ ಪ್ಯಾಡ್, ಹಿಂದೆ ಒಂದಡಿ, ಮುಂದೆ ಮೂರಡಿ ಬಯಲು.

ವೈರಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಟ್ಟಿಗೆ ಪಟ್ಟಿಯ ಹಳೇ ವೈರಿಗೆ ಎಸಿ ಜೋಡಿಸಬಾರದು. ಮೀಟರ್ ಬೋರ್ಡಿನಿಂದ ಬೇರೆ ಲೈನು, 4 ಚದರ ಮಿಮೀ ತಾಮ್ರ, ಲೋಡ್ ಹೆಚ್ಚಾದರೆ ಬೀಳುವ 20 ಆಂಪಿಯರ್ ಸಿ-ಕರ್ವ್ ಎಂಸಿಬಿ, ಕರೆಂಟ್ ಸೋರಿದರೆ ಬೀಳುವ 30 ಮಿಲಿಆಂಪಿಯರ್ ಆರ್‌ಸಿಸಿಬಿ. ಗೋಡೆ ಕೊರೆಯದೆ ಮೇಲೆಯೇ ಕೇಸಿಂಗ್ ಪಟ್ಟಿಯಲ್ಲಿ ಒಯ್ದದ್ದು. ಹೆಸ್ಕಾಂನ ಮಂಜೂರಾದ ಲೋಡ್ ಸಾಲುತ್ತದೆಯೇ ಎಂದು ಮೊದಲೇ ಬಿಲ್ಲಿನಲ್ಲಿ ನೋಡಿಕೊಳ್ಳಿ. ಅರ್ಥಿಂಗ್ ಹೊಸದಾಗಿ ಹಾಕಿಸಿದೆ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಪೈಪು ಬಿಡುತ್ತದೆ, ಹಾಗಾಗಿ ಮಾರ್ಚ್‌ನಿಂದ ವಾರಕ್ಕೊಮ್ಮೆ ಗುಂಡಿಗೆ ಎರಡು ಕೊಡ ನೀರು.

ಗ್ಯಾಸಿನ ಕೆಲಸದಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಹಳೇ ಎಸಿಯ ಆರ್22 ಗಾಳಿಗೆ ಬಿಡುವಂಥದ್ದಲ್ಲ, ಓಝೋನ್ ಪದರಕ್ಕೆ ಹಾನಿ. ಸಿಲಿಂಡರಿಗೆ ಇಳಿಸಿಕೊಳ್ಳುವ ಮೆಕ್ಯಾನಿಕ್ ಸಿಗುವವರೆಗೆ ಕಾಯಿರಿ. ಹೊಸದರಲ್ಲಿರುವುದು ಆರ್32, ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸ್. ಅದು ಇದ್ದ ಜಾಗದಲ್ಲಿ ಬೆಂಕಿ ಬೇಡ. ಪೈಪು ಕಾಲು ಇಂಚು ಮತ್ತು ಅರ್ಧ ಇಂಚಿನ ಹೊಸ ತಾಮ್ರ, 5 ಮೀಟರ್. ಪೈಪಿನ ಅಗಲಿಸಿದ ಬಾಯಿ (ಫ್ಲೇರ್) ಹಿಡಿಯುವ ನಟ್ಟುಗಳಿಗೆ ಟಾರ್ಕ್ ಪಾನ, ಅಂದರೆ ಬಿಗಿತ ಅಳೆಯುವ ಸ್ಪ್ಯಾನರ್: ಚಿಕ್ಕದಕ್ಕೆ 16, ದೊಡ್ಡದಕ್ಕೆ 55 ನ್ಯೂಟನ್-ಮೀಟರ್. ಕೈ ಅಂದಾಜಿನಲ್ಲಿ ಅತಿ ಬಿಗಿದರೆ ಫ್ಲೇರ್ ತೆಳುವಾಗಿ ಸೀಳುತ್ತದೆ, ಸೋರಿಕೆ ತಿಂಗಳುಗಟ್ಟಲೆ ಆದ ಮೇಲೆ ಗೊತ್ತಾಗುತ್ತದೆ. ನೈಟ್ರೋಜನ್ 450 ಪಿಎಸ್‌ಐ ತುಂಬಿಸಿ ಒಂದು ತಾಸು ಬಿಟ್ಟೆವು, ಅದೂ ಬೆಳಿಗ್ಗೆ ಏಳಕ್ಕೆ. ಬಿಸಿಲೇರಿದಂತೆ ಗೇಜು ತಾನೇ ಏರುತ್ತದೆ, ಆಗ ಸಣ್ಣ ಸೋರಿಕೆ ಇದ್ದರೂ ಗೊತ್ತಾಗುವುದಿಲ್ಲ. ನೈಟ್ರೋಜನ್ ಬದಲು ಆಕ್ಸಿಜನ್ ತುಂಬಿದರೆ ಕಂಪ್ರೆಸರಿನ ಎಣ್ಣೆಗೆ ತಾಗಿ ಸ್ಫೋಟವಾಗಬಹುದು. ಬಳಿಕ ಪೈಪಿನ ಗಾಳಿ, ತೇವ ಎಳೆಯಲು ವ್ಯಾಕ್ಯೂಮ್ ಪಂಪ್, ಗೇಜಿನಲ್ಲಿ ಒತ್ತಡ 500 ಮೈಕ್ರಾನ್‌ಗೆ ಇಳಿಯುವವರೆಗೆ, ಆಮೇಲೆ ಪಂಪ್ ನಿಲ್ಲಿಸಿ ಒತ್ತಡ ಏರುತ್ತದೆಯೇ ಎಂದು ಹತ್ತು ನಿಮಿಷ ನೋಡಿದ್ದು. ಕೂಡಿಸಲು ಬಂದವರು ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಹೊರದೂಡುತ್ತೇವೆ, ಸಾಕು ಎಂದರು. ಸಾಕಾಗುವುದಿಲ್ಲ. ಪೈಪಿನಲ್ಲಿ ಉಳಿದ ತೇವ ಎಣ್ಣೆಯನ್ನು ಕೆಡಿಸಿ ಕಂಪ್ರೆಸರ್ ತಿನ್ನುತ್ತದೆ. ಪಂಪ್ ತರಿಸಿದ ಮೇಲೆಯೇ ವಾಲ್ವ್ ಬಿಚ್ಚಿಸಿದೆ.

ಡ್ರೇನ್ ಪೈಪನ್ನು ಮೀಟರಿಗೆ 2 ಸೆಂಮೀ ಇಳಿಜಾರಿನಲ್ಲಿ, ಗೋಡೆಯ ಬುಡದಿಂದ ನಾಲ್ಕಡಿ ದೂರಕ್ಕೆ ಒಯ್ದಿದ್ದೇನೆ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ನಮ್ಮ ಏಪ್ರಿಲ್ ಗಾಳಿ ಒಣ, ರಾತ್ರಿಯಿಡೀ ಓಡಿದರೂ ಹನಿಯುವುದು ಅಲ್ಪಸ್ವಲ್ಪ, ಪೈಪು ತಪ್ಪಿದ್ದರೂ ಕಾಣುವುದಿಲ್ಲ. ಜುಲೈನಲ್ಲಿ ಅದೇ ಮಷಿನ್ ಕೊಡಗಟ್ಟಲೆ ನೀರು ಇಳಿಸಿದಾಗ ಮಣ್ಣಿನ ಗಿಲಾವು ಕರಗಿ ಕಳಚುತ್ತದೆ. ಆದ್ದರಿಂದ ಕೂಡಿಸಿದ ದಿನವೇ ಫಿಲ್ಟರ್ ತೆಗೆದು ಟ್ರೇಗೆ ಒಂದು ಲೀಟರ್ ನೀರು ನಿಧಾನ ಹುಯ್ಯಿಸಿ, ಅಷ್ಟೂ ಹೊರಗೆ ಬಂತೇ ಎಂದು ಪಾತ್ರೆ ಹಿಡಿದು ಅಳೆದೆ.

ಓಡಿಸುವ ಬಗೆಯೂ ಬೇರೆ. ಗಾಳಿ ಅರ್ಧ ತಾಸಿನಲ್ಲಿ ತಣಿಯುತ್ತದೆ, ಕಲ್ಲು ದಿನಗಟ್ಟಲೆ ತೆಗೆದುಕೊಳ್ಳುತ್ತದೆ. 18ಕ್ಕೆ ಇಟ್ಟರೆ ಕಲ್ಲು ಬೇಗ ತಣಿಯುವುದಿಲ್ಲ, ಕರೆಂಟ್ ಮಾತ್ರ ಹೆಚ್ಚು ಹೋಗುತ್ತದೆ. 26 ಡಿಗ್ರಿ, ಜೊತೆಗೆ ಫ್ಯಾನ್ ಸಣ್ಣಗೆ, ಸಂಜೆ ಏಳಕ್ಕೇ ಶುರು. ಸಬ್‌ಮೀಟರಿನಲ್ಲಿ ಮೊದಲ ರಾತ್ರಿ 9 ಯೂನಿಟ್, ಐದನೇ ರಾತ್ರಿಗೆ 6ಕ್ಕಿಂತ ಕಡಿಮೆ. ನಡುವೆ ಎರಡು ದಿನ ಬಂದ್ ಇಟ್ಟರೆ ಗೋಡೆ ಮತ್ತೆ ಕಾದು ಲೆಕ್ಕ ಮೊದಲಿಗೇ ಬರುತ್ತದೆ.

ಹಳೇ ಕೂಲರ್ ಪಡಸಾಲೆಯಲ್ಲಿ ಇಟ್ಟುಕೊಂಡಿದ್ದೇನೆ. ಮಾರ್ಚ್‌ನಿಂದ ಮೇ ಮಧ್ಯದವರೆಗೆ, ಕಿಟಕಿ ತೆರೆದಿಟ್ಟರೆ, ಅದಕ್ಕಿಂತ ಅಗ್ಗದ ತಂಪು ಇಲ್ಲ. ಬೋರಿನ ಗಡಸು ನೀರು ಪ್ಯಾಡಿಗೆ ಸುಣ್ಣ ಕಟ್ಟುವುದರಿಂದ ಮೂರು ದಿನಕ್ಕೊಮ್ಮೆ ತೊಟ್ಟಿ ಪೂರ್ತಿ ಖಾಲಿ ಮಾಡಬೇಕು. ಎಸಿ ಕೋಣೆಯಲ್ಲಿ ಮಾತ್ರ ಕೂಲರ್ ಬೇಡ, ಅದರ ತೇವ ತೆಗೆಯಲಿಕ್ಕೇ ಮಷಿನ್ ದುಡಿಯುತ್ತದೆ.

ಇನ್ನು ಜಂತಿಯಿಂದ ಉದುರುವ ಮಣ್ಣು. ಅದು ನೇರ ಫಿಲ್ಟರಿಗೆ ಬಂದು ಕೂರುತ್ತದೆ. ಜಿಪ್ಸಮ್ ಸೀಲಿಂಗ್ ಹೊಡೆದರೆ ಸೋರಿಕೆ, ಗೆದ್ದಲು ಎರಡೂ ಕಣ್ಣಿಗೆ ಬೀಳುವುದಿಲ್ಲ. ಬದಲಿಗೆ ಜಂತಿಯ ಕೆಳಗೆ ದಪ್ಪ ಹತ್ತಿ ಬಟ್ಟೆಯ ಮೇಲ್ಕಟ್ಟು ಕಟ್ಟಿಸಿದೆ, ವರ್ಷಕ್ಕೊಮ್ಮೆ ಬಿಚ್ಚಿ ಒಗೆಯುವುದು. ಬಿಚ್ಚಿದ ದಿನ ಹಲಗೆಗಳನ್ನು ಒಂದೊಂದಾಗಿ ತಟ್ಟಿ ನೋಡಲು ಆಗುತ್ತದೆ. ಫಿಲ್ಟರ್ ಈಗ ಹದಿನೈದು ದಿನಕ್ಕೊಮ್ಮೆ ತೊಳೆದರೆ ನಡೆಯುತ್ತದೆ. ಬಟ್ಟೆ ಕಟ್ಟುವ ಮುಂಚೆ ನಾಲ್ಕು ದಿನಕ್ಕೇ ಕಟ್ಟಿಕೊಳ್ಳುತ್ತಿತ್ತು.