ಒಬ್ಬಳೇ ಬೆಟ್ಟಕ್ಕೆ ಹೊರಡುವ ಮುಂಚಿನ ನಾಲ್ಕು ಗಂಟೆ

ಮರುದಿನ ಕ್ಲಾಸ್ ಇಲ್ಲ ಅಂತ ಗೊತ್ತಾಗಿದ್ದು ಸಂಜೆ ಆರರ ಹೊತ್ತಿಗೆ. ರಾತ್ರಿ ಹತ್ತಕ್ಕೆ ಬೆಟ್ಟದ ಕಡೆ ಹೋಗುವ ಬಸ್ ಇತ್ತು. ಸ್ನೇಹಿತೆಯರನ್ನು ಕೇಳಿದೆ. ಒಬ್ಬಳಿಗೆ ರೆಕಾರ್ಡ್ ಬರೆಯೋದಿತ್ತು, ಇನ್ನೊಬ್ಬಳು ಊರಿಗೆ ಹೊರಟಿದ್ದಳು. ಸರಿ, ಒಬ್ಬಳೇ ಹೋಗಿಬರ್ತೀನಿ ಅಂದುಕೊಂಡೆ. ಬಸ್ಸಿಗೆ ಇನ್ನೂ ನಾಲ್ಕು ಗಂಟೆ ಇತ್ತು. ಆ ನಾಲ್ಕು ಗಂಟೆಯಲ್ಲಿ ಏನೇನು ಮಾಡಿದೆ ಅನ್ನೋದನ್ನೇ ಇಲ್ಲಿ ಜಾಸ್ತಿ ಹೇಳ್ತೀನಿ. ಬೆಟ್ಟ ಹತ್ತೋದಕ್ಕಿಂತ ಅದೇ ದೊಡ್ಡ ಕೆಲಸ ಅನ್ನೋದು ನನ್ನ ಅನುಭವ.

ಜೊತೆಗೆ ಒಬ್ಬರಿದ್ದರೆ ಮಾತಿಗಾಗುತ್ತದೆ, ಭಾರ ಹಂಚಿಕೊಳ್ಳಬಹುದು, ನಿಜ. ಅದಕ್ಕಿಂತ ಮುಖ್ಯವಾಗಿ "ಸಾಕು ಬಾ, ಕತ್ತಲಾಗುತ್ತೆ" ಅನ್ನೋಕೆ ಒಂದು ಬಾಯಿ ಇರುತ್ತದೆ. ಒಂಟಿಯಾಗಿ ಹೋದರೆ ಆ ಮಾತು ಹೇಳೋರಿಲ್ಲ. ತುದಿ ಕಣ್ಣೆದುರೇ ಇರುವಾಗ ನಮಗೆ ನಾವೇ ಹಾಗೆ ಹೇಳಿಕೊಳ್ಳೋದು ತುಂಬಾ ಕಷ್ಟ. ಹಾಗಾಗಿ ಅದನ್ನು ರೂಮಿನಲ್ಲಿ ಕೂತಿರುವಾಗಲೇ ತೀರ್ಮಾನ ಮಾಡಿಬಿಡಬೇಕು.

ಮೊದಲು ಬೆಟ್ಟದ ಆಯ್ಕೆ. ಮುಂಗಡ ಅನುಮತಿ ಬೇಕಾದ ಜಾಗಗಳನ್ನು ಬಿಟ್ಟೆ, ರಾತ್ರೋರಾತ್ರಿ ಅನುಮತಿ ಸಿಗಲ್ಲ, ಕದ್ದು ಹೋಗೋದು ನನಗೆ ಬೇಡ. 2,500 ಮೀಟರ್‌ಗಿಂತ ಎತ್ತರದವನ್ನೂ ಬಿಟ್ಟೆ. ಆ ಎತ್ತರ ದಾಟಿದ ಮೇಲೆ ಗಾಳಿಯ ಒತ್ತಡ ಕಡಿಮೆಯಾಗಿ ತಲೆನೋವು, ವಾಕರಿಕೆ ಶುರುವಾಗಬಹುದು. ಅಲ್ಲಿಗೆ ದೇಹ ಒಗ್ಗಿಕೊಳ್ಳೋಕೆ ದಿನಗಳು ಬೇಕು, ನನ್ನ ಹತ್ತಿರ ಅಷ್ಟು ಸಮಯ ಇರಲಿಲ್ಲ. ಉಳಿದವುಗಳಲ್ಲಿ ಜನ ಓಡಾಡಿ ಸವೆದ ಒಂದೇ ದಾರಿ ಇರುವ ಬೆಟ್ಟವನ್ನು ಆರಿಸಿಕೊಂಡೆ. ಒಬ್ಬಳೇ ಹೋಗುವಾಗ "ಯಾರೂ ಹೋಗದ ದಾರಿ" ಅನ್ನೋ ಆಸೆ ಇಟ್ಟುಕೊಳ್ಳಬಾರದು.

ಆಮೇಲೆ ಸಮಯದ ಲೆಕ್ಕ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಒಂದು ಸರಳ ಸೂತ್ರವನ್ನು ಬೆಟ್ಟ ಹತ್ತುವವರು ಇವತ್ತಿಗೂ ಬಳಸುತ್ತಾರೆ. ನಡೆಯುವ ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ನನ್ನ ದಾರಿ 8 ಕಿಲೋಮೀಟರ್, ಏರು 1,200 ಮೀಟರ್. ಅಂದರೆ ಮೂರೂವರೆ ಗಂಟೆಗೆ ಚೂರು ಜಾಸ್ತಿ. ಆದರೆ ಈ ಸೂತ್ರ ಗಟ್ಟಿ ಕಾಲಿನವರಿಗೆ, ನಿಲ್ಲದೆ ನಡೆಯುವವರಿಗೆ. ನಾನು ಐದು ಗಂಟೆ ಹಿಡಿದೆ. ಏಳಕ್ಕೆ ಹೊರಟರೆ ಹನ್ನೆರಡಕ್ಕೆ ತುದಿ. ಇಳಿಯೋಕೆ ನಾಲ್ಕು ಗಂಟೆ. ಸೂರ್ಯ ಮುಳುಗೋದು ಆರರ ಸುಮಾರಿಗೆ. ಕಾಲು ಉಳುಕಿದರೆ, ದಾರಿ ತಪ್ಪಿದರೆ ಅಂತ ಬೆಳಕಿರುವ ಒಂದೂವರೆ ಗಂಟೆ ಕೈಯಲ್ಲಿ ಉಳಿಯಲೇಬೇಕು. ಹಿಂದಿನಿಂದ ಲೆಕ್ಕ ಹಾಕಿದರೆ ಹನ್ನೆರಡೂವರೆ ಬಂತು. ಒಂದು ಚೀಟಿಯಲ್ಲಿ "12.30. ಎಲ್ಲೇ ಇದ್ದರೂ ವಾಪಸ್" ಅಂತ ಬರೆದು ಜಾಕೆಟ್ ಜೇಬಿಗೆ ಹಾಕಿದೆ.

ಅಮ್ಮನಿಗೆ ಫೋನ್ ಮಾಡಿದೆ. ಮೊದಲು ಬೈದರು, ಆಮೇಲೆ ಯಾವ ದಾರಿ ಅಂತ ಬರೆದುಕೊಂಡರು. ರೂಮ್‌ಮೇಟ್‌ಗೆ ನಕ್ಷೆಯ ಚಿತ್ರ, ಬಸ್ಸಿನ ವಿವರ, ನಾನು ಹಾಕುವ ಬಟ್ಟೆಯ ಬಣ್ಣ, ಎಲ್ಲ ಕಳಿಸಿದೆ.

"ಸಂಜೆ ಮೆಸೇಜ್ ಹಾಕ್ತೀನಿ ಅಂತ ಹೇಳ್ಬೇಡ ಕಣೇ. ಎಷ್ಟು ಗಂಟೆ ಅಂತ ಹೇಳು" ಅಂದಳು.

"ಏಳೂವರೆ."

"ಬರ್ಲಿಲ್ಲ ಅಂದ್ರೆ?"

"ನನಗೆ ಫೋನ್ ಮಾಡು. ಸಿಗದಿದ್ರೆ ಅಲ್ಲಿನ ಪೊಲೀಸ್ ಠಾಣೆಗೆ ಮಾಡು. ನಂಬರ್ ಬರೆದಿಟ್ಟಿದೀನಿ. ಇನ್ನೊಂದು ಗಂಟೆ ನೋಡೋಣ ಅಂತ ಕಾಯ್ಬೇಡ."

ಅವಳು ಅಲಾರಂ ಇಟ್ಟುಕೊಂಡಳು. "ಎಲ್ಲಿಗೋ ಬೆಟ್ಟಕ್ಕೆ ಹೋಗ್ತಿದೀನಿ" ಅಂತ ಸುಮ್ನೆ ಹೇಳಿ ಹೋದರೆ ಹುಡುಕುವವರಿಗೆ ಏನೂ ಪ್ರಯೋಜನ ಇಲ್ಲ. ಯಾವ ದಾರಿ, ಯಾವ ಗಂಟೆಗೆ ಗಾಬರಿಯಾಗಬೇಕು, ಯಾರಿಗೆ ಹೇಳಬೇಕು, ಈ ಮೂರೂ ಒಬ್ಬರ ಹತ್ತಿರ ಇರಬೇಕು.

ಬ್ಯಾಗಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. ಮೂರು ಲೀಟರ್ ನೀರು, ಕಡಲೆಬೀಜ, ಒಣದ್ರಾಕ್ಷಿ, ಹಣೆಗೆ ಕಟ್ಟುವ ಟಾರ್ಚ್, ಬ್ಯಾಂಡೇಜ್, ಪವರ್ ಬ್ಯಾಂಕ್, ಮಳೆ ಕೋಟು. ಸರಾಸರಿ ಪ್ರತಿ ಸಾವಿರ ಮೀಟರ್ ಏರಿದಂತೆ 6.5 ಡಿಗ್ರಿ ಚಳಿ ಜಾಸ್ತಿಯಾಗುತ್ತದೆ. ನನ್ನ ಬೆಟ್ಟದ ಬುಡಕ್ಕೂ ತುದಿಗೂ ಸುಮಾರು ಎಂಟು ಡಿಗ್ರಿ ವ್ಯತ್ಯಾಸ, ಅದರ ಮೇಲೆ ಗಾಳಿ ಬೇರೆ. ಅದಕ್ಕೆ ಹತ್ತಿ ಬಟ್ಟೆ ಬಿಟ್ಟು ಬೇಗ ಒಣಗುವ ಟೀ ಶರ್ಟ್, ಉಣ್ಣೆಯ ಸ್ವೆಟರ್ ತಗೊಂಡೆ. ಹತ್ತಿ ಬೆವರು ಕುಡಿದು ಮೈಗೆ ಅಂಟಿಕೊಳ್ಳುತ್ತದೆ, ನಿಂತ ತಕ್ಷಣ ನಡುಗಿಸುತ್ತದೆ. ಕೊರಳಿಗೆ ಒಂದು ಸೀಟಿ. ಆಲ್ಪ್ಸ್ ಪರ್ವತಗಳ ಕಡೆಯಿಂದ ಬಂದ ಪದ್ಧತಿಯ ಪ್ರಕಾರ ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಆರು ಸಲ ಊದಿದರೆ ಸಹಾಯ ಬೇಕು ಅಂತ. ನಿಮಿಷಕ್ಕೆ ಮೂರು ಸಲ ಊದಿದರೆ ಕೇಳಿಸಿತು ಅನ್ನೋ ಉತ್ತರ. ಕೂಗಿ ಕೂಗಿ ಗಂಟಲು ಕಟ್ಟುತ್ತದೆ, ಸೀಟಿ ಹಾಗಲ್ಲ. ನಕ್ಷೆಯನ್ನು ಫೋನಿಗೆ ಇಳಿಸಿಕೊಂಡೆ. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ. ಸಿಗ್ನಲ್ ಹುಡುಕಿಯೇ ಬ್ಯಾಟರಿ ಖಾಲಿಯಾಗೋದು, ಅದಕ್ಕೆ ಏರೋಪ್ಲೇನ್ ಮೋಡ್.

ಬಸ್ ತಡವಾಯಿತು. ದಾರಿಯ ಬುಡದಲ್ಲಿ ನಾನು ಹೆಜ್ಜೆ ಇಟ್ಟಾಗ ಎಂಟು ಗಂಟೆ. ಇಲ್ಲಿಂದಲೇ ತಲೆಯಲ್ಲಿ ಚೌಕಾಸಿ ಶುರು. ಒಂದು ಗಂಟೆ ತಡವಾಗಿ ಹೊರಟಿದ್ದೀನಿ, ಹಾಗಾದರೆ ವಾಪಸ್ ಹೊರಡೋದನ್ನೂ ಒಂದೂವರೆಗೆ ಮಾಡಿಕೊಳ್ಳಬಹುದಲ್ವಾ? ಕೇಳೋಕೆ ನ್ಯಾಯ ಅನ್ನಿಸುತ್ತದೆ. ಆದರೆ ಬಸ್ ತಡವಾಯಿತು ಅಂತ ಸೂರ್ಯ ತಡವಾಗಿ ಮುಳುಗಲ್ಲ. ಚೀಟಿಯ ಸಮಯ ಕತ್ತಲಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಬಂದಿದ್ದು, ಹೊರಟ ಗಂಟೆಯಿಂದ ಅಲ್ಲ. ಹಾಗಾಗಿ ಅದನ್ನು ಮುಟ್ಟಲಿಲ್ಲ.

ಮೊದಲ ಎರಡು ಗಂಟೆ ಕಾಡಿನೊಳಗಿನ ಏರು. ಮಾತಾಡಿದರೆ ಏದುಸಿರು ಬರಬಾರದು, ಅಷ್ಟು ನಿಧಾನವಾಗಿ ನಡೆದೆ. ಒಬ್ಬಳೇ ಇದ್ದಿದ್ದರಿಂದ ಅದಕ್ಕೆ ಸಣ್ಣ ದನಿಯಲ್ಲಿ ಹಾಡಿಕೊಂಡು ಪರೀಕ್ಷೆ ಮಾಡುತ್ತಿದ್ದೆ. ದಾರಿ ಕವಲಾದಲ್ಲೆಲ್ಲ ನಿಂತು, ಹಿಂದಕ್ಕೆ ತಿರುಗಿ ನೋಡಿ, ಒಂದು ಫೋಟೋ ತೆಗೆದೆ. ಏರುವಾಗ ಕಂಡ ದಾರಿ ಇಳಿಯುವಾಗ ಬೇರೆಯೇ ಕಾಣುತ್ತದೆ. ಏರುವಾಗ ಎರಡು ದಾರಿ ಬಂದು ಸೇರಿದ್ದು ನಮ್ಮ ಗಮನಕ್ಕೇ ಬಂದಿರಲ್ಲ, ಇಳಿಯುವಾಗ ಅದೇ ಕವಲಾಗಿ ಎದುರಿಗೆ ನಿಲ್ಲುತ್ತದೆ.

ಮಧ್ಯೆ ಒಂದು ಗುಂಪು ಸಿಕ್ಕಿತು. "ಒಬ್ರೇನಾ?" ಅಂತ ಕೇಳಿದರು. "ಇಲ್ಲ, ಹಿಂದೆ ಬರ್ತಿದಾರೆ" ಅಂದೆ. ಒಳ್ಳೆಯವರೇ ಇರಬಹುದು, ಆದರೂ ಹೆಣ್ಣುಮಕ್ಕಳು ಈ ಒಂದು ಸುಳ್ಳನ್ನು ಅಳುಕಿಲ್ಲದೆ ಹೇಳಬೇಕು. ರಾತ್ರಿ ಎಲ್ಲಿ ಉಳಿಯುತ್ತೀನಿ ಅನ್ನೋದನ್ನೂ ದಾರಿಯಲ್ಲಿ ಸಿಕ್ಕವರಿಗೆ ಹೇಳಬಾರದು.

ಮರಗಳು ಮುಗಿದು ಹುಲ್ಲು ಶುರುವಾದ ಮೇಲೆ ನೋಟ ತೆರೆದುಕೊಂಡಿತು. ಹುಲ್ಲಿನ ಮೇಲೆ ಗಾಳಿ ಹಾದು ಹೋಗೋದು ಕೆಳಗಿನಿಂದ ಮೇಲಿನವರೆಗೂ ಗೆರೆಯಂತೆ ಕಾಣುತ್ತಿತ್ತು. ಆಮೇಲೆ ಅದು ಮುಖಕ್ಕೆ ತಣ್ಣಗೆ ಬಡಿಯುತ್ತಿತ್ತು. ಬರುವ ಗಾಳಿಯನ್ನು ಮೊದಲೇ ನೋಡಿ ಕಾಯೋದು ಎಷ್ಟು ಖುಷಿ ಅಂದರೆ, ಒಂದು ಬಂಡೆಗೆ ಒರಗಿ ಸುಮಾರು ಹೊತ್ತು ಅದನ್ನೇ ಮಾಡಿದೆ. ಜೊತೆಗೆ ಯಾರಾದರೂ ಇದ್ದಿದ್ದರೆ ಇಷ್ಟು ಹೊತ್ತು ಕೂರೋಕೆ ಬಿಡುತ್ತಿರಲಿಲ್ಲ.

ಹನ್ನೆರಡೂವರೆಗೆ ನಾನು ತುದಿಗಿಂತ ಕೆಳಗಿನ ದಿಬ್ಬದ ಮೇಲಿದ್ದೆ. ಮುಂದಿನ ದಾರಿ ಕಣ್ಣಿಗೆ ಕಾಣುತ್ತಿತ್ತು. ನಕ್ಷೆಯಲ್ಲಿ ಎತ್ತರದ ಗೆರೆಗಳು ಒತ್ತೊತ್ತಾಗಿದ್ದವು, ಅಂದರೆ ಕಡಿದಾದ ಏರು. ಇನ್ನೂರೈವತ್ತು ಮೀಟರ್ ಬಾಕಿ. ಹೋಗಿ ಅದೇ ಜಾಗಕ್ಕೆ ವಾಪಸ್ ಬರೋಕೆ ಏನಿಲ್ಲ ಅಂದರೂ ಒಂದೂವರೆ ಗಂಟೆ. ನಾನು ಉಳಿಸಿಟ್ಟ ಬೆಳಕು ಅಷ್ಟೇ ಇದ್ದದ್ದು. ಆಕಾಶದಲ್ಲಿ ಒಂದು ಮೋಡ ಇರಲಿಲ್ಲ, ಕಾಲು ನೋಯುತ್ತಿರಲಿಲ್ಲ. ಚೀಟಿ ತೆಗೆದು ಓದಿದೆ. ನನ್ನದೇ ಅಕ್ಷರ, ಆದರೂ ಬೇರೆ ಯಾರೋ ಹೇಳಿದ ಹಾಗೆ ಇತ್ತು. ಅದಕ್ಕೇ ತಾನೇ ಬರೆದಿದ್ದು. ನೀರು ಕುಡಿದು, ಶೂ ಲೇಸ್ ಬಿಗಿ ಮಾಡಿಕೊಂಡು ಇಳಿಯತೊಡಗಿದೆ.

ಮಧ್ಯಾಹ್ನ ಪೂರ್ತಿ ಆಕಾಶ ಹಾಗೇ ತಿಳಿಯಾಗಿತ್ತು. ತಿರುಗಿ ನೋಡಿದಾಗಲೆಲ್ಲ ತುದಿ ಕಾಣುತ್ತಿತ್ತು. ಹೋಗಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಆದರೂ ಇನ್ನೊಂದು ಸಲ ಅದೇ ಜಾಗದಲ್ಲಿ ಅದೇ ಹೊತ್ತಿಗೆ ನಿಂತರೆ ಮತ್ತೆ ಇಳಿಯುತ್ತೀನಿ. ಏನೂ ಆಗಲ್ಲ ಅನ್ನೋದು ಸಂಜೆಯ ಮೇಲೆ ತಾನೇ ಗೊತ್ತಾಗೋದು.

ಇಳಿಯೋದನ್ನು ಹಗುರ ಅಂದುಕೊಳ್ಳಬೇಡಿ. ಜನ ಬೀಳೋದು ಜಾಸ್ತಿ ಇಳಿಯುವಾಗಲೇ. ಪ್ರತಿ ಹೆಜ್ಜೆಯಲ್ಲೂ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು, ಅದಕ್ಕೇ ಮರುದಿನ, ಅದರ ಮರುದಿನ ಆ ಪರಿ ನೋವು. ಸಣ್ಣ ಹೆಜ್ಜೆ, ಮಂಡಿ ಸ್ವಲ್ಪ ಬಗ್ಗಿಸಿ, ಉರುಳುಗಲ್ಲಿನ ಮೇಲೆ ಪೂರ್ತಿ ಪಾದ ಊರಿ ನಡೆದೆ. ಒಂದು ಕವಲಿನಲ್ಲಿ ಬೆಳಗಿನ ಫೋಟೋ ನಿಜಕ್ಕೂ ಕೆಲಸಕ್ಕೆ ಬಂತು. ಎಡಗಡೆಯ ದಾರಿ ಅಗಲವಾಗಿತ್ತು, ನಾನು ಬಂದಿದ್ದು ಬಲಗಡೆಯ ಕಿರಿದಾದ ದಾರಿಯಿಂದ. ಐದಕ್ಕೆ ಮುಂಚೆ ಬುಡ ಮುಟ್ಟಿದೆ. ಸಿಗ್ನಲ್ ಬಂದ ತಕ್ಷಣ "ಇಳಿದೆ" ಅಂತ ಅಮ್ಮನಿಗೂ ರೂಮ್‌ಮೇಟ್‌ಗೂ ಹಾಕಿದೆ. ರೂಮ್‌ಮೇಟ್ "ಅಲಾರಂ ತೆಗೆದೆ" ಅಂತ ಉತ್ತರ ಕಳಿಸಿದಳು.

ಆ ತುದಿಗೆ ಹೋಗಲೇಬೇಕು ಅಂತಿದೆ. ಮುಂದಿನ ರಜೆಯಲ್ಲಿ ರಾತ್ರಿ ಬಸ್ ನಂಬಿಕೊಳ್ಳದೆ ಹಿಂದಿನ ಸಂಜೆಯೇ ಬುಡ ತಲುಪಿ, ಅಲ್ಲೇ ಮಲಗಿ, ಬೆಳಗ್ಗೆ ಆರೂವರೆಗೆ ಹೊರಡೋದು. ವಾಪಸ್ ತಿರುಗುವ ಸಮಯ ಮಾತ್ರ ಅದೇ ಹನ್ನೆರಡೂವರೆ.